ಮರಳುಗಾಡಿನ ಅಂಚಲ್ಲಿ ತಣ್ಣನೆ ಕಡಲು

ಒಮಾನ್ ಅಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಮಸ್ಕತ್‌ನ ಸುಡು ಸೆಕೆ. ಆದರೆ ಅದೇ ದೇಶದ ಅಲ್ ಅಶ್ಖರದಲ್ಲಿ ಜುಲೈಯಲ್ಲೂ ತಂಪು ಗಾಳಿ ಬೀಸುತ್ತದೆ. ಶರ್ಕಿಯಾ ಮರಳುಗಾಡು ಅರಬ್ಬೀ ಸಮುದ್ರವನ್ನು ಮುಟ್ಟುವ ಸೀಮೆ ಅದು. ಸೆಕೆ ತಾಳಲಾರದೆ ಮಸ್ಕತ್‌ನವರೂ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ.

ಈ ತಂಪಿಗೆ ಕಾರಣ ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯ ಮಾರುತ. ಅಲ್ಲಿ ಅದು ತೀರದ ಉದ್ದಕ್ಕೂ ಬೀಸಿ, ಮೇಲಿನ ಬೆಚ್ಚಗಿನ ನೀರನ್ನು ದೂರ ಕಡಲಿಗೆ ದೂಡುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಎದ್ದು ಬರುತ್ತದೆ. ದಕ್ಷಿಣದ ಸಲಾಲ ಕಡೆ ಆಗಸ್ಟ್‌ನಲ್ಲಿ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದುಂಟು. ಆಳದ ನೀರಲ್ಲಿ ಪೋಷಕಾಂಶ ಜಾಸ್ತಿ, ಹಾಗಾಗಿ ಮೀನೂ ಜಾಸ್ತಿ. ನಮ್ಮ ಬೂತಾಯಿಯಂಥ ಮೀನನ್ನು ಅಲ್ಲಿ ಒಣಗಿಸಿ ಒಂಟೆಗೂ ತಿನ್ನಿಸುತ್ತಾರೆ!

ಆದರೆ ತಂಪು ತರುವ ಗಾಳಿಯೇ ಅಲೆಯನ್ನೂ ಎಬ್ಬಿಸುತ್ತದೆ. 2022ರ ಜುಲೈಯಲ್ಲಿ ಸಲಾಲ ಸಮೀಪದ ಮುಘ್ಸೈಲ್‌ನಲ್ಲಿ ರಕ್ಷಣಾ ಬೇಲಿ ದಾಟಿ ನಿಂತಿದ್ದ ಭಾರತೀಯ ಪ್ರವಾಸಿಗರನ್ನು ಅಲೆ ಎಳೆದೊಯ್ದಿತು. ಜೀವ ಕಳೆದುಕೊಂಡವರಲ್ಲಿ ಮಕ್ಕಳೂ ಇದ್ದರು.

ರಜೆಯಲ್ಲಿ ಗಲ್ಫ್‌ಗೆ ಹೋಗುವ ಕುಟುಂಬಗಳು ಇದನ್ನು ನೆನಪಿಡಬೇಕು. ಜುಲೈ ತಿಂಗಳಲ್ಲಿ ಪಣಂಬೂರು, ಉಳ್ಳಾಲದಲ್ಲಿ ನಮ್ಮ ಮಕ್ಕಳನ್ನು ನೀರಿಗಿಳಿಯಲು ಬಿಡುತ್ತೇವಾ? ಅಲ್ಲೂ ಬಿಡಬೇಡಿ. ದಡದಲ್ಲಿ ಕೂತು ಗಾಳಿ ತಗೊಳ್ಳಿ, ಬೇಲಿಯ ಈಚೆಗೇ ನಿಂತು ಫೋಟೋ ತೆಗೆಯಿರಿ. ಈಜುವ ಆಸೆಯಿದ್ದರೆ ಮಾರುತ ಇಳಿದ ಮೇಲೆ ಹೋಗಿ. ಎದುರಿಗೆ ಮರಳುಗಾಡು, ಮೇಲೆ ಬಿಸಿಲು ಇದ್ದರೂ ಅದು ಮಳೆಗಾಲದ ಕಡಲೇ.