ಅಂಗಳದ ದೀಪಕ್ಕೆ ಬುದ್ಧಿ ಎಷ್ಟಿರಬೇಕು?

ನಡುರಾತ್ರಿಯಲ್ಲಿ ಹಟ್ಟಿಯಿಂದ ಕರುವಿನ ಕೂಗು ಕೇಳಿದರೆ, ಒಣಹಾಕಿದ ಅಡಿಕೆಯ ಮೇಲೆ ಅಕಾಲದ ಮಳೆಹನಿ ಬಿದ್ದರೆ, ಮನೆಯವರು ಕತ್ತಲೆಯಲ್ಲಿಯೇ ಅಂಗಳಕ್ಕೆ ಇಳಿಯಬೇಕಾಗುತ್ತದೆ. ಮಂಗಳೂರು-ಮೂಡುಬಿದಿರೆ ಹೆದ್ದಾರಿಯ ಬದಿಯ ತೋಡಾರಿನಂತಹ ಊರುಗಳಲ್ಲಿ ಅಂಗಳವೆಂಬುದು ಬರಿಯ ಬಯಲಲ್ಲ. ಹಣ್ಣಡಿಕೆಯು 40-45 ದಿನ ಬಿಸಿಲು ಕಾಯುವ ಸ್ಥಳವೂ ಅದೇ. ಹಿಂದಿನವರು ಸೂಟೆಯನ್ನೋ ಲಾಟೀನನ್ನೋ ಹಿಡಿದು ಇಳಿಯುತ್ತಿದ್ದರು. ಈಗಲಾದರೋ, ಕತ್ತಲಾದೊಡನೆ ತಾನೇ ಉರಿಯುವ, ಮನುಷ್ಯನ ಸುಳಿವಿಗೆ ಉರಿಯುವ, ದುಬಾಯಿಯಲ್ಲಿರುವ ಮಗನ ಫೋನಿನ ಅಪ್ಪಣೆಗೆ ಉರಿಯುವ ದೀಪಗಳೆಲ್ಲ ಅಂಗಡಿಯಲ್ಲಿ ದೊರೆಯುತ್ತವೆ. ಇವುಗಳಲ್ಲಿ ನಮಗೆ ತಕ್ಕದ್ದು ಯಾವುದು?

ಗಡಿಯಾರದ ಸ್ವಿಚ್ಚು ಎಲ್ಲಕ್ಕಿಂತ ಸರಳವಾದುದು. ಆದರೆ ನಮ್ಮ ಕರಾವಳಿಯಲ್ಲಿ ನವೆಂಬರಿನಲ್ಲಿ ಸುಮಾರು 6 ಗಂಟೆಗೆ ಮುಳುಗುವ ಸೂರ್ಯನು ಜುಲೈ ತಿಂಗಳ ಆರಂಭದಲ್ಲಿ 7 ಗಂಟೆಯವರೆಗೂ ಇರುತ್ತಾನೆ. ಒಮ್ಮೆ ತಿರುಗಿಸಿಟ್ಟ ಗಡಿಯಾರವು ಈ ಒಂದು ಗಂಟೆಯ ವ್ಯತ್ಯಾಸವನ್ನು ಅರಿಯದು. ಊರಿನ ಅಕ್ಷಾಂಶ, ರೇಖಾಂಶಗಳಿಂದ ಸೂರ್ಯಾಸ್ತವನ್ನು ತಾನೇ ಗಣಿಸುವ ಗಡಿಯಾರಗಳೂ ಉಂಟು. ಕೊಳ್ಳುವುದಾದರೆ ಅವನ್ನು ಕೊಳ್ಳಬೇಕು.

ಎರಡನೆಯದು ಬೆಳಕನ್ನು ಅರಿಯುವ ಕೋಶ. ಬೆಳಕು ಬಿದ್ದಾಗ ಇದರ ವಿದ್ಯುನ್ನಿರೋಧ ಕುಗ್ಗುತ್ತದೆ, ಕತ್ತಲಾದಾಗ ಹಿಗ್ಗುತ್ತದೆ. ಆಷಾಢದ ಕಾರ್ಮೋಡ ಕವಿದರೆ ನಡುಹಗಲಿನಲ್ಲಿಯೂ ಅದು ದೀಪ ಹಚ್ಚೀತು! ತನ್ನ ದೀಪದ ಬೆಳಕೇ ತನ್ನ ಮೇಲೆ ಬೀಳುವಂತೆ ಅದನ್ನು ಜೋಡಿಸಿದರಂತೂ ದೀಪವು ಹತ್ತುವುದು, ಆರುವುದು, ಮತ್ತೆ ಹತ್ತುವುದು ನಡೆದೇ ಇರುತ್ತದೆ. ಇದಕ್ಕಿಂತ ದೊಡ್ಡ ದೋಷ ಬೇರೊಂದಿದೆ. ಈ ದೀಪವು ಬೆಳಗಿನ ತನಕ ಉರಿಯುತ್ತದೆ. ಮೊದಲ ಮಳೆಗೆ ಎದ್ದ ರೆಕ್ಕೆಗೆದ್ದಲು ಬೆಳಕಿಗೆ ಮುತ್ತುತ್ತದೆ. ಅದನ್ನು ತಿನ್ನಲು ನೆಲಗಪ್ಪೆಗಳು ಸೇರುತ್ತವೆ. ಕಪ್ಪೆಯನ್ನು ಅರಸಿ ನಾಗರಹಾವು ಬಂದರೆ ಆಶ್ಚರ್ಯವೇನು? ಹಾವನ್ನು ಕಾಣಲೆಂದು ಇಟ್ಟ ದೀಪವೇ ಹಾವನ್ನು ಕರೆದಂತಾಯಿತು. ಮಿಣುಕುಹುಳುಗಳಿಗಾದರೋ ಇಂತಹ ಅಂಗಳದಲ್ಲಿ ತಮ್ಮ ಜೊತೆಯನ್ನು ಗುರುತಿಸುವುದೇ ಕಷ್ಟ.

ಆದುದರಿಂದ ಚಲನೆಯನ್ನು ಅರಿಯುವ ಉಪಕರಣವೇ ನಮಗೆ ಮೆಚ್ಚು. ಮನುಷ್ಯನ ಮೈಯಿಂದ ಸದಾ ಸೂಸುವ ಅವಕೆಂಪು ಕಿರಣಗಳು 9-10 ಮೈಕ್ರೋಮೀಟರು ಅಲೆಯುದ್ದದ ಸುತ್ತ ಪ್ರಬಲವಾಗಿರುತ್ತವೆ. ಉಷ್ಣ ಬದಲಾದೊಡನೆ ವಿದ್ಯುದಾವೇಶ ತೋರುವ ಹರಳಿನ ಎರಡು ತುಣುಕುಗಳು ಇದರಲ್ಲಿವೆ. ಎದುರಿನ ಪ್ಲಾಸ್ಟಿಕ್ ಮಸೂರವು ಅಂಗಳವನ್ನು ಹಲವು ಪಟ್ಟಿಗಳಾಗಿ ವಿಂಗಡಿಸುತ್ತದೆ. ನಾವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ತುಣುಕುಗಳ ಸಮತೋಲ ಕೆಟ್ಟು ದೀಪ ಹತ್ತುತ್ತದೆ. ಅಡ್ಡಹಾಯುವವನನ್ನು ಇದು ಬೇಗ ಗುರುತಿಸುತ್ತದೆ. ನೇರವಾಗಿ ಎದುರು ಬರುವವನನ್ನು ತಡವಾಗಿ. ಹಗಲೆಲ್ಲ ಕಾದ ಸಿಮೆಂಟಿನ ಅಂಗಳವು ಏಪ್ರಿಲಿನ ಸಂಜೆಯಲ್ಲಿ ಮೈಯಷ್ಟೇ ಬಿಸಿಯಾಗಿದ್ದರೆ ಇದರ ದೃಷ್ಟಿ ಮಂದವಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಾವಿನ ಮೈಯ ಉಷ್ಣತೆಯು ನೆಲದ ಉಷ್ಣತೆಗೆ ಸಮೀಪವಾಗಿರುವುದರಿಂದ ಈ ಉಪಕರಣಕ್ಕೆ ಅದು ಬಹುಮಟ್ಟಿಗೆ ಅಗೋಚರ. ದೀಪ ಹತ್ತಲಿಲ್ಲವಾದ್ದರಿಂದ ಅಂಗಳದಲ್ಲಿ ಏನೂ ಇಲ್ಲವೆಂದು ತಿಳಿಯಲಾಗದು. ಅದು ನಮ್ಮನ್ನು ಕಂಡೇ ಹತ್ತಬೇಕು, ಅದೂ ಕಾಲು ನೆಲಕ್ಕೆ ಇಳಿಯುವ ಮೊದಲೇ. ಎಂದೇ ಉಪಕರಣವನ್ನು ಗೇಟಿನತ್ತ ತಿರುಗಿಸುವ ವಾಡಿಕೆ ನಮಗೆ ಸರಿತೋರದು. ಎರಡೂವರೆ ಮೀಟರು ಎತ್ತರದಲ್ಲಿ, ಜಗಲಿಯ ಮೆಟ್ಟಿಲನ್ನು ಅಡ್ಡದಿಂದ ನೋಡುವಂತೆ ಅದನ್ನು ನಿಲ್ಲಿಸಬೇಕು. ಬಾಳೆಗಿಡ ಅದರ ನೋಟದಲ್ಲಿರಬಾರದು. ಬಿಸಿಯೇರಿದ ಎಲೆ ಗಾಳಿಗೆ ಆಡಿದರೂ ದೀಪ ಹತ್ತುವುದುಂಟು. ಬಲ್ಬು ಹಳದಿ ಛಾಯೆಯದಾದರೆ ಹುಳು ಕಡಿಮೆ.

ಫೋನಿನ ಅಪ್ಪಣೆಗೆ ಉರಿಯುವ ದೀಪದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ವೈ-ಫೈ ಅಲೆಗಳು ದಪ್ಪನೆಯ ಮುರಕಲ್ಲಿನ ಗೋಡೆ ದಾಟುವಾಗ ಕುಗ್ಗುತ್ತವೆ. ಗುಡುಗಿನ ರಾತ್ರಿ ಕರೆಂಟು ಹೋಗಿ ಬಂದಾಗ ಕೆಲವು ಸ್ಮಾರ್ಟ್ ಬಲ್ಬುಗಳು ಯಾರೂ ಹೇಳದೆಯೇ ಬೆಳಗುತ್ತವೆ. ವೃದ್ಧರಷ್ಟೇ ಇರುವ ಮನೆಯಲ್ಲಿ ದೂರದ ಮಕ್ಕಳಿಗೆ ಇದರಿಂದ ಸಮಾಧಾನವಾಗುವುದಾದರೆ ಇರಲಿ.

ಯಾವುದನ್ನೇ ಆರಿಸಿದರೂ ಮಳೆಗೆ ತೆರೆದ ದೀಪಕ್ಕೆ ಐ.ಪಿ. 65 ದರ್ಜೆಯ ಹೊದಿಕೆ ಬೇಕು. ಒದ್ದೆ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯುವವರ ಜೀವರಕ್ಷಣೆಗಾಗಿ ಒಳ್ಳೆಯ ಅರ್ತಿಂಗೂ, 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್.ಸಿ.ಸಿ.ಬಿ.ಯೂ ಇರಲೇಬೇಕು. ಜೊತೆಗೆ, ಚಲನೆಯ ಉಪಕರಣವನ್ನು ಬದಿಗಿರಿಸಿ ದೀಪವನ್ನು ನೇರವಾಗಿ ಹಚ್ಚುವ ಸಾಮಾನ್ಯ ಸ್ವಿಚ್ಚೊಂದನ್ನು ಬಾಗಿಲಿನ ಒಳಬದಿಯಲ್ಲಿ ಇರಿಸಿಕೊಳ್ಳಬೇಕು. ಮಳೆ ಬಂದ ರಾತ್ರಿ ಅಂಗಳದ ಮೂಲೆಯಲ್ಲಿ ಬಗ್ಗಿ ಅಡಿಕೆ ಬಾಚುತ್ತಿರುವವರು ದೀಪ ಆರದಿರಲೆಂದು ಎರಡೆರಡು ನಿಮಿಷಕ್ಕೆ ಎದ್ದು ಕೈಬೀಸುವಂತಾಗಬಾರದಷ್ಟೆ.