ಮುಂಗಾರಿನ ಎಳೆ ಹುಲ್ಲು ಮತ್ತು ಕುರಿಗಳ ಕರುಳುಬೇನೆ

ಮುಂಗಾರಿನ ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಬೀಳುಭೂಮಿ, ಬದು ಮತ್ತು ಗೋಮಾಳಗಳು ಹಸಿರಾಗುತ್ತವೆ. ಬೇಸಿಗೆಯುದ್ದಕ್ಕೂ ಒಣ ಮೇವು ತಿಂದ ಕುರಿಗಳು ಈ ಎಳೆ ಹುಲ್ಲನ್ನು ಆತುರದಿಂದ ಮೇಯುತ್ತವೆ. ಸಂಜೆ ಹೊಟ್ಟೆ ತುಂಬ ಮೇಯ್ದು ಹಟ್ಟಿಗೆ ಬಂದ ಮರಿ ಬೆಳಗಾಗುವುದರೊಳಗೆ ಸತ್ತು ಬಿದ್ದಿರುವುದು ಈ ಕಾಲದಲ್ಲಿಯೇ ಹೆಚ್ಚು. ಸಾಯುವುದು ಬಡಕಲು ಮರಿಯಲ್ಲ, ಮಂದೆಯಲ್ಲಿಯೇ ಮೈದುಂಬಿಕೊಂಡು ಬೆಳೆದ ಮರಿ. ಇದರಿಂದ ದೃಷ್ಟಿ ತಾಗಿತೆಂದೋ ಹಾವು ಕಚ್ಚಿತೆಂದೋ ಭಾವಿಸುವುದುಂಟು. ಆದರೆ ಇಂಥ ಸಾವುಗಳಿಗೆ ಕರುಳುಬೇನೆ ಒಂದು ಮುಖ್ಯ ಕಾರಣ. ಇದನ್ನು ಎಂಟರೋಟಾಕ್ಸೀಮಿಯ ಅಥವಾ ಇ.ಟಿ. ರೋಗ ಎಂದೂ ಕರೆಯುತ್ತಾರೆ.

ರೋಗಕ್ಕೆ ಕಾರಣ

ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯಾದ 'ಡಿ' ಬಗೆಯು ಈ ರೋಗವನ್ನುಂಟುಮಾಡುತ್ತದೆ. ಈ ರೋಗಾಣು ಮಣ್ಣಿನಲ್ಲಿಯೂ ಆರೋಗ್ಯವಂತ ಕುರಿಗಳ ಕರುಳಿನಲ್ಲಿಯೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಸಾಮಾನ್ಯ ದಿನಗಳಲ್ಲಿ ಅದರಿಂದ ತೊಂದರೆಯಿಲ್ಲ. ಮೇವು ಒಮ್ಮೆಲೇ ಬದಲಾದಾಗ, ಅಂದರೆ ಕುರಿ ಎಳೆ ಹುಲ್ಲನ್ನೋ ಕಾಳನ್ನೋ ಅತಿಯಾಗಿ ತಿಂದಾಗ, ಪಿಷ್ಟದ ಅಂಶ ಪೂರ್ತಿ ಜೀರ್ಣವಾಗದೆ ಸಣ್ಣಕರುಳನ್ನು ಸೇರುತ್ತದೆ. ಅದನ್ನು ಆಹಾರವಾಗಿ ಪಡೆದ ರೋಗಾಣು ಕೆಲವೇ ಗಂಟೆಗಳಲ್ಲಿ ಅಪಾರವಾಗಿ ವೃದ್ಧಿಸಿ 'ಎಪ್ಸಿಲಾನ್' ಎಂಬ ನಂಜನ್ನು ಉತ್ಪಾದಿಸುತ್ತದೆ. ಈ ನಂಜು ರಕ್ತವನ್ನು ಸೇರಿ ಸೂಕ್ಷ್ಮ ರಕ್ತನಾಳಗಳನ್ನು ಹಾಳುಮಾಡುತ್ತದೆ. ಮಿದುಳಿನಲ್ಲಿ ಬಾವು ಉಂಟಾಗುತ್ತದೆ. ಹೆಚ್ಚು ತಿನ್ನುವ ಗಟ್ಟಿಮುಟ್ಟಾದ ಮರಿಯೇ ಮೊದಲು ಬಲಿಯಾಗುವುದು ಈ ಕಾರಣದಿಂದ. ರೋಗವು ಒಂದು ಕುರಿಯಿಂದ ಮತ್ತೊಂದಕ್ಕೆ ಅಂಟುವುದಿಲ್ಲ. ಆದರೆ ಒಂದೇ ಮೇವು ತಿಂದ ಹಲವು ಮರಿಗಳು ಒಟ್ಟಿಗೇ ಸಾಯಬಹುದು.

ಕಟಾವಾದ ಮೆಕ್ಕೆಜೋಳ ಅಥವಾ ಜೋಳದ ಹೊಲದಲ್ಲಿ ಮಂದೆ ನಿಲ್ಲಿಸಿದಾಗಲೂ, ಉದುರಿದ ತೆನೆ ಮತ್ತು ಕಾಳುಗಳಿಂದ ಇದೇ ಅಪಾಯವುಂಟು.

ಲಕ್ಷಣಗಳು

ಅನೇಕ ವೇಳೆ ಯಾವ ಲಕ್ಷಣವೂ ಕಾಣುವ ಮೊದಲೇ ಮರಿ ಸತ್ತಿರುತ್ತದೆ. ಕೆಲವು ಮರಿಗಳು ಮಂದೆಯಿಂದ ಹಿಂದೆ ಉಳಿದು, ತೂರಾಡಿ ನೆಲಕ್ಕೆ ಬೀಳುತ್ತವೆ. ಕತ್ತನ್ನು ಹಿಂದಕ್ಕೆ ಸೆಟೆದು ಕಾಲು ಬಡಿಯುತ್ತವೆ. ಆಡುಗಳಲ್ಲಿ ಭೇದಿ ಹೆಚ್ಚಾಗಿ ಕಂಡುಬರುತ್ತದೆ. ಸತ್ತ ಮರಿಯ ಮೂತ್ರಪಿಂಡಗಳು ಬೇಗನೆ ಮೆತ್ತಗಾಗಿರುವುದನ್ನು ಪಶುವೈದ್ಯರು ಮರಣೋತ್ತರ ಪರೀಕ್ಷೆಯಲ್ಲಿ ಕಾಣಬಹುದು. ಆದರೆ ಕಳೇಬರ ತಡವಾಗಿ ದೊರೆತರೆ ಈ ಗುರುತನ್ನು ನಂಬುವಂತಿಲ್ಲ. ಆದ್ದರಿಂದ ಮರಿ ಸತ್ತ ಕೂಡಲೇ ತಿಳಿಸಬೇಕು.

ಹಠಾತ್ ಸಾವಿಗೆ ಬೇರೆ ಕಾರಣಗಳೂ ಉಂಟು. ಎಳೆ ಜೋಳದ ಕುಳೆ ಮೇಯ್ದು ವಿಷವೇರಿ ಸಾಯಬಹುದು. ಮೂಗು, ಗುದದ್ವಾರಗಳಿಂದ ಕಪ್ಪು ರಕ್ತ ಸುರಿದಿದ್ದರೆ ಅದು ನೆರಡಿ ರೋಗ, ಅಂದರೆ ಅಂಥ್ರಾಕ್ಸ್, ಇರಬಹುದು. ಅಂಥ ಕಳೇಬರವನ್ನು ಯಾವ ಕಾರಣಕ್ಕೂ ಕೊಯ್ಯಬಾರದು. ಹೀಗೆ ಸತ್ತ ಪ್ರಾಣಿಯ ಮಾಂಸವನ್ನು ತಿನ್ನುವುದಾಗಲಿ ಮಾರುವುದಾಗಲಿ ಸಲ್ಲದು.

ಮೇವಿನಲ್ಲಿ ಎಚ್ಚರಿಕೆ

ರೋಗ ತಗುಲಿದ ಮರಿಯನ್ನು ಉಳಿಸುವುದು ಬಹಳ ಕಷ್ಟ. ಔಷಧಿ ತರುವಷ್ಟು ಕಾಲಾವಕಾಶವೇ ಇರುವುದಿಲ್ಲ. ಆದ್ದರಿಂದ ಮುಂಜಾಗ್ರತೆಯೇ ಸರಿಯಾದ ಮಾರ್ಗ.

1. ಮಳೆಗಾಲದ ಆರಂಭದಲ್ಲಿ ಹಸಿದ ಕುರಿಗಳನ್ನು ನೇರವಾಗಿ ಎಳೆ ಹುಲ್ಲಿಗೆ ಬಿಡಬಾರದು. ಬೆಳಿಗ್ಗೆ ಜೋಳದ ಸೊಪ್ಪೆ, ಶೇಂಗಾ ಹೊಟ್ಟು ಅಥವಾ ತೊಗರಿ ಹೊಟ್ಟು ತಿನ್ನಿಸಿ ಅನಂತರ ಬಿಡಬೇಕು.

2. ಹಸಿರು ಮೇಯುವ ಅವಧಿಯನ್ನು ಮೊದಲ ದಿನಗಳಲ್ಲಿ ಒಂದೆರಡು ಗಂಟೆಗೆ ಮಿತಗೊಳಿಸಿ, ಕ್ರಮೇಣ ಹೆಚ್ಚಿಸಬೇಕು.

3. ಕೊಬ್ಬಿಸುವ ಟಗರು ಮರಿಗಳಿಗೆ ಕಾಳಿನ ಆಹಾರವನ್ನು ದಿನಕ್ಕೆ 50 ಗ್ರಾಂನಂತೆ ಆರಂಭಿಸಿ, ಎರಡು ವಾರಗಳ ಅವಧಿಯಲ್ಲಿ ಹಂತಹಂತವಾಗಿ ಏರಿಸಬೇಕು.

4. ಮಂದೆಯಲ್ಲಿ ಒಂದು ಮರಿ ಹೀಗೆ ಸತ್ತರೂ ಉಳಿದವನ್ನು ಆ ಹುಲ್ಲುಗಾವಲಿನಿಂದ ಹೊರತಂದು ಒಣ ಮೇವಿಗೆ ಹಾಕಿ, ಪಶುವೈದ್ಯರನ್ನು ಕಾಣಬೇಕು.

ಲಸಿಕೆ

ಮೊದಲ ಬಾರಿಗೆ ಲಸಿಕೆ ಹಾಕಿಸುವ ಕುರಿಗಳಿಗೆ ಎರಡರಿಂದ ಮೂರು ವಾರಗಳ ಅಂತರದಲ್ಲಿ ಎರಡು ಸಲ ಹಾಕಿಸಬೇಕು. ಅನಂತರ ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಹಾಕಿಸಬೇಕು. ರೋಗನಿರೋಧಕ ಶಕ್ತಿ ಬರಲು ಕಾಲ ಬೇಕಾಗುವುದರಿಂದ, ಮೊದಲ ಲಸಿಕೆಯನ್ನು ಮೇ ತಿಂಗಳ ಆರಂಭದಲ್ಲಿಯೇ ಮುಗಿಸುವುದು ಮೇಲು. ಗಬ್ಬದ ಕುರಿಗಳಿಗೆ ಈಯುವ ಸುಮಾರು ಒಂದು ತಿಂಗಳ ಮುಂಚೆ ಹಾಕಿಸಿದರೆ ಗಿಣ್ಣುಹಾಲಿನ ಮೂಲಕ ಮರಿಗಳಿಗೂ ರಕ್ಷಣೆ ದೊರೆಯುತ್ತದೆ. ಇಂಥ ಮರಿಗಳಿಗೆ ಮೂರು ನಾಲ್ಕು ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಬಹುದು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಯೇ ಇಟ್ಟು ತರಬೇಕು, ಹೆಪ್ಪುಗಟ್ಟಲು ಬಿಡಬಾರದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಈ ಲಸಿಕೆಯನ್ನು ತಯಾರಿಸುತ್ತದೆ. ಸಮೀಪದ ಪಶುವೈದ್ಯ ಸಂಸ್ಥೆಯಲ್ಲಿ ಮುಂಚಿತವಾಗಿ ವಿಚಾರಿಸುವುದು ಒಳ್ಳೆಯದು.

ರೋಗಾಣುವನ್ನು ಕರುಳಿನಿಂದ ಪೂರ್ತಿ ಹೊರಹಾಕುವುದು ಸಾಧ್ಯವಿಲ್ಲ. ಅದು ನಂಜಾಗುವ ಸಂದರ್ಭವನ್ನು ತಪ್ಪಿಸುವುದು ಕುರಿಗಾರನ ಕೈಯಲ್ಲಿದೆ. ಮೇ ತಿಂಗಳಲ್ಲಿ ಲಸಿಕೆ, ಜೂನ್ ತಿಂಗಳಲ್ಲಿ ಬೆಳಗಿನ ಒಂದು ಹಿಡಿ ಒಣ ಮೇವು, ಇವೆರಡನ್ನೂ ತಪ್ಪದೆ ಪಾಲಿಸಿದರೆ ವರ್ಷದ ಆದಾಯಕ್ಕೆ ಆಧಾರವಾದ ಮರಿಗಳು ಉಳಿಯುತ್ತವೆ.