ಸೊಲ್ಲಾಪುರದ ವೈದ್ಯ, ಯುದ್ಧಕಾಲದ ಚಿತ್ರ

ವಿಜಾಪುರ ರಸ್ತೆಯನ್ನು ಹಿಡಿದು ಸೊಲ್ಲಾಪುರವನ್ನು ಹೊಕ್ಕವರು, ಕನ್ನಡ ಮರಾಠಿ ತೆಲುಗುಗಳು ಒಂದೇ ಓಣಿಯಲ್ಲಿ ಕೇಳಿಬರುವ ಆ ಗಿರಣಿಗಳ ಊರಿನೊಳಗೆ ಭಯ್ಯಾ ಚೌಕದವರೆಗೆ ಹೋದರೆ, ಡಾ. ದ್ವಾರಕಾನಾಥ ಕೋಟ್ನಿಸರ ಸ್ಮಾರಕವನ್ನು ಕಾಣಬಹುದು. 1910ರಲ್ಲಿ ಈ ಊರಿನಲ್ಲಿ ಜನಿಸಿ, ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತು, ಜಪಾನಿನ ಆಕ್ರಮಣದಿಂದ ಜರ್ಜರಿತವಾಗಿದ್ದ ಚೀನಕ್ಕೆ 1938ರಲ್ಲಿ ಕಾಂಗ್ರೆಸ್ಸು ಕಳುಹಿಸಿದ ಐವರು ವೈದ್ಯರಲ್ಲಿ ಒಬ್ಬರಾಗಿ ತೆರಳಿದ ಇವರು, ಗಾಯಗೊಂಡ ಸೈನಿಕರ ಶುಶ್ರೂಷೆಯಲ್ಲೇ ತಮ್ಮ ಯೌವನವನ್ನು ಸವೆಸಿ, ಅಲ್ಲಿಯ ದಾದಿ ಗುವೊ ಚಿಂಗ್‌ಲಾನರನ್ನು ವರಿಸಿ, 1942ರ ಡಿಸೆಂಬರ್ 9ರಂದು ಅಪಸ್ಮಾರದಿಂದ ಅಲ್ಲಿಯೇ ಕಾಲವಶರಾದರು.

ಅವರನ್ನು ಭಾರತದ ಮನೆಮನೆಗೆ ಮುಟ್ಟಿಸಿದುದು ಸಿನೆಮಾ. ಖ್ವಾಜಾ ಅಹ್ಮದ್ ಅಬ್ಬಾಸರು 1944ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ, ವಿ. ಶಾಂತಾರಾಮರು ತಮ್ಮ ರಾಜಕಮಲ ಕಲಾಮಂದಿರದಿಂದ 1946ರಲ್ಲಿ ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಯನ್ನು ಹೊರತಂದರು. ನಾಯಕನ ಪಾತ್ರವನ್ನು ತಾವೇ ವಹಿಸಿ, ಚಿಂಗ್‌ಲಾನಳ ಪಾತ್ರವನ್ನು ಜಯಶ್ರೀಯವರಿಗೆ ವಹಿಸಿದರು. ಕೊಲ್ಲಾಪುರದ ಈ ಶಾಂತಾರಾಮರು ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿದು, ಅಲ್ಲಿಯ ಚಿತ್ರಗೃಹದಲ್ಲಿ ಚಿಕ್ಕಪುಟ್ಟ ಕೆಲಸಗಳನ್ನು ಮಾಡಿದವರೆಂಬುದನ್ನು ನಮ್ಮ ಭಾಗದವರು ಹೆಮ್ಮೆಯಿಂದ ನೆನೆಯಬೇಕು.

ಆ ಕಾಲ ಚಿತ್ರೋದ್ಯಮಕ್ಕೆ ಕಠಿನವಾದುದಾಗಿತ್ತು. ವಿದೇಶದಿಂದ ಬರಬೇಕಾದ ಕಚ್ಚಾ ಫಿಲ್ಮು ಯುದ್ಧದ ದೆಸೆಯಿಂದ ದುರ್ಲಭವಾದುದರಿಂದ, ಯಾವ ಕಥಾಚಿತ್ರವೂ 11,000 ಅಡಿಗಳನ್ನು, ಎಂದರೆ ಸುಮಾರು ಎರಡು ಗಂಟೆಯ ಅವಧಿಯನ್ನು ಮೀರಕೂಡದೆಂದು ಸರಕಾರವು ವಿಧಿಸಿತ್ತು. ಅದರ ಜೊತೆಗೆ ಯುದ್ಧಪ್ರಯತ್ನಕ್ಕೆ ನೆರವಾಗುವ ಚಿತ್ರಗಳನ್ನೂ ನಿರ್ಮಾಪಕರಿಂದ ಅಪೇಕ್ಷಿಸುತ್ತಿತ್ತು. ಕೋಟ್ನಿಸರ ಕಥೆಯಲ್ಲಿ ಶತ್ರು ಜಪಾನಾದುದರಿಂದ ಆಳುವವರಿಗೂ ಆಕ್ಷೇಪವಿರಲಿಲ್ಲ. ಕಾಂಗ್ರೆಸ್ಸಿನ ದೂತನೊಬ್ಬನ ತ್ಯಾಗವಾದುದರಿಂದ ದೇಶಭಕ್ತರಿಗೂ ಅದು ತಮ್ಮದೇ ಆಗಿತ್ತು.

ಚಿತ್ರದ ಕೋಟ್ನಿಸರು ಪ್ಲೇಗಿನ ಔಷಧವನ್ನು ಕಂಡುಹಿಡಿಯಲು ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡುತ್ತಾರೆ. ಚರಿತ್ರೆಯಲ್ಲಿಲ್ಲದ ಈ ಕಲ್ಪನೆ ನನಗೆ ಅನಗತ್ಯವೆನಿಸುತ್ತದೆ. ನಿಜಜೀವನವೇ ಸಾಕಷ್ಟು ಉನ್ನತವಾಗಿದ್ದಿತು. ಆದರೆ ಮರಣಶಯ್ಯೆಯಲ್ಲಿ ಅವರು ಹೆಂಡತಿಗೆ, ನೀನು ಸೊಲ್ಲಾಪುರಕ್ಕೆ ಹೋದಾಗ ಏನೇನು ಕಾಣುವೆಯೆಂದು ತಮ್ಮ ಮನೆಯನ್ನು ವರ್ಣಿಸುತ್ತಿರಲು, ಆ ಮಾತುಗಳ ಜೊತೆಜೊತೆಗೇ ಆಕೆ ಆ ಮನೆಗೆ ಬಂದು ತಲಪುವ ದೃಶ್ಯವನ್ನು ಹೆಣೆದಿರುವಲ್ಲಿ ಶಾಂತಾರಾಮರ ಪ್ರತಿಭೆ ಸಂಪೂರ್ಣವಾಗಿ ಬೆಳಗುತ್ತದೆ.

ಇಂಥ ಚಿತ್ರಗಳು ಆಗ ಅನ್ಯತ್ರವೂ ಹುಟ್ಟಿದವು. 1940ರ ಏಪ್ರಿಲಿನಿಂದ ಐದು ವರ್ಷ ಜರ್ಮನರ ವಶದಲ್ಲಿದ್ದು, ಸಿನೆಮಾ ವ್ಯವಹಾರವನ್ನೂ ಅವರ ಕೈಗೊಂಬೆ ಆಡಳಿತಕ್ಕೆ ಒಪ್ಪಿಸಬೇಕಾಗಿ ಬಂದಿದ್ದ ನಾರ್ವೆಯಲ್ಲಿ, ಬಿಡುಗಡೆಯ ಬಳಿಕ ಪ್ರತಿರೋಧದ ಕಥೆಗಳು ತೆರೆಗೆ ಬಂದವು. ಜರ್ಮನರ ಭಾರಜಲ ಘಟಕವನ್ನು ನಾಶಮಾಡಿದ ಸಾಹಸದ ಮೇಲೆ 1948ರಲ್ಲಿ ತೆಗೆದ ‘ಕಾಂಪೆನ್ ಒಮ್ ತುಂಗ್ತ್‌ವಾನ್ನೆ’ ಎಂಬ ಚಿತ್ರದಲ್ಲಿ, ಆ ಕಾರ್ಯವನ್ನೆಸಗಿದ ವೀರರಲ್ಲಿ ಹಲವರು ತಮ್ಮ ಪಾತ್ರಗಳನ್ನು ತಾವೇ ಅಭಿನಯಿಸಿದರು.

ನಮ್ಮ ಚಿತ್ರಕ್ಕೆ ಆ ಭಾಗ್ಯವಿರಲಿಲ್ಲ. ನಾಯಕರು ಆಗಲೇ ತೀರಿಹೋಗಿದ್ದರು. ಚಿತ್ರದಲ್ಲಿ ಸೊಲ್ಲಾಪುರದ ಮನೆಗೆ ಬಂದು ಸೇರುವ ಚಿಂಗ್‌ಲಾನ್ ನಿಜದಲ್ಲಿ ಚೀನದಲ್ಲಿಯೇ ನೆಲೆಸಿದರು. ಮುಂದೆ ಹಲವು ಬಾರಿ ಭಾರತಕ್ಕೆ ಬಂದು ಕೋಟ್ನಿಸರ ಬಂಧುಗಳನ್ನು ಕಂಡು ಹೋದ ಅವರು 2012ರಲ್ಲಿ ನಿಧನರಾದರು.